ಕಕ್ಕಡದ ಕೂಸು, ಕಾಫಿ ಹೂವಿನ ಹೊತ್ತಿಗೆ: ಮಗುವಿನ ಮಿದುಳು ಬಲಿಯುವುದನ್ನು ಗಮನಿಸುವುದು ಹೇಗೆ?

ಕೊಡಗಿನ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ಹುಟ್ಟಿದ ಕೂಸನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿ. ಗರ್ಭದ 32ನೇ ವಾರದಲ್ಲಿ ಹುಟ್ಟಿದ ಮಗುವಿಗೆ ಈಗ 12 ವಾರವಾಗಿದ್ದರೆ, ತುಂಬು ಗರ್ಭ 40 ವಾರವಾದ್ದರಿಂದ, ಮಿದುಳಿನ ಮಟ್ಟಿಗೆ ಅದು 4 ವಾರದ ಕೂಸು. ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಿ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಕೊರಗುವ ಎಷ್ಟೋ ತಾಯಂದಿರ ಸಂಕಟ ಈ ಲೆಕ್ಕದಿಂದಲೇ ಇಳಿಯುತ್ತದೆ.

ನಂತರ ನಿದ್ದೆಯನ್ನು ನೋಡಿ. ನವಜಾತ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ಚಟುವಟಿಕೆಯ ನಿದ್ದೆ: ರೆಪ್ಪೆಯಡಿ ಕಣ್ಣು ಹೊರಳುತ್ತದೆ, ತುಟಿ ನಗುತ್ತದೆ, ಕೈ ಅದುರುತ್ತದೆ. ಮಗು ಎದ್ದಿತೆಂದು ಅವಸರದಲ್ಲಿ ಎತ್ತಿಕೊಳ್ಳಬೇಡಿ. ಆದರೆ ಮೃದುವಾಗಿ ಹಿಡಿದರೂ ಅದುರು ನಿಲ್ಲದಿದ್ದರೆ ಅಥವಾ ಎಚ್ಚರದಲ್ಲೂ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಉಳಿದದ್ದು ಶಾಂತ ನಿದ್ದೆ. ತಲೆಗೆ ತಂತಿ ಅಂಟಿಸಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆದರೆ, ತುಂಬು ತಿಂಗಳ ಕೂಸಿನಲ್ಲಿ ಅಲೆಗಳು ಕೆಲವು ಸೆಕೆಂಡು ಜೋರಾಗಿ ಎದ್ದು, ಕೆಲವು ಸೆಕೆಂಡು ತಗ್ಗುತ್ತವೆ. ನಮ್ಮ ಮಳೆ ಹೊಯ್ದು ಹೊಳವಾಗಿ ಮತ್ತೆ ಹೊಯ್ಯುವ ಹಾಗೆ. ಅವಧಿಗೆ ಮೊದಲೇ ಹುಟ್ಟಿದ ಶಿಶುವಿನಲ್ಲಿ ಆ ಬಿಡುವು ಇನ್ನೂ ದೀರ್ಘ. ತುಂಬು ತಿಂಗಳಾಗಿ ಸುಮಾರು ಒಂದೂವರೆ ತಿಂಗಳೊಳಗೆ ಬಿಡುವುಗಳು ಮಾಯವಾಗಿ ಅಲೆ ಸತತವಾಗುತ್ತದೆ. ಕಕ್ಕಡದ ಮೊದಲಲ್ಲಿ ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಅದು ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಸಮಯ. ನಿಮ್ಮ ಮುಖ ನೋಡಿ ಮಗು ನಗುವುದೂ ಹೆಚ್ಚುಕಡಿಮೆ ಆಗಲೇ.

ಮುಂದಿನ ಕೆಲಸ ನಿಮ್ಮದು. 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಮುಖವಿಟ್ಟು ಮಾತನಾಡಿ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮನೆಯ ಮಾತು ಯಾವುದಾದರೂ ಸರಿ. ತಾಯಿಯ ದನಿಯನ್ನು ಕೂಸು ಗರ್ಭದಲ್ಲೇ ಕೇಳಿರುತ್ತದೆ. ಚಳಿಗೆ ಅದನ್ನು ಎದೆಗೊತ್ತಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಅದರಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಬಲಿಯುತ್ತಿರುವ ಮಿದುಳಿಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ.

ಮಿದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಚುರುಕಾಗುವುದಿಲ್ಲ. ಹುಟ್ಟಿದಾಗ ಸ್ಪರ್ಶ, ಚಲನೆಗಳ ಭಾಗ ಮುಂದಿರುತ್ತದೆ. ಅಕ್ಟೋಬರ್ ಮಧ್ಯದ ಕಾವೇರಿ ತೀರ್ಥೋದ್ಭವದ ಹೊತ್ತಿಗೆ, ಅಂದರೆ ಆ ಕೂಸಿನ ಮೂರು ತಿಂಗಳಿಗೆ, ನೋಟದ ಭಾಗ ಚುರುಕಾಗಿ, ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಮೂರು-ನಾಲ್ಕು ಅಲೆಗಳ ಲಯ ಕಾಣುತ್ತದೆ. ಹಣೆಯ ಹಿಂದಿನ ಭಾಗದ ಸರದಿ ಆರರಿಂದ ಎಂಟು ತಿಂಗಳಿಗೆ. ಮಾರ್ಚ್ ಹೊತ್ತಿಗೆ ತೋಟದಲ್ಲಿ ಕಾಫಿ ಹೂ ಬಿಟ್ಟಾಗ ಬಟ್ಟೆಯಡಿ ಚಮಚ ಬಚ್ಚಿಟ್ಟು ನೋಡಿ, ಮಗು ಹುಡುಕುತ್ತದೆ. ಗುರುತಿಲ್ಲದ ನೆಂಟರ ಕೈಯಲ್ಲಿ ಅಳಲೂಬಹುದು. ಗದರಬೇಡಿ, ಅಮ್ಮನ ಕೈಗೆ ಕೊಡಿ.