ಮಗಳ ಪಕ್ಕ ಕೂತು ಸೌಂದರ್ಯ ಸ್ಪರ್ಧೆ ನೋಡುವುದು ಹೇಗೆ

ಗದಗ-ಬೆಟಗೇರಿಯಲ್ಲಿ ನಾನು ಜಂಪರ್, ಅಂದರೆ ಸೀರೆಯ ಬ್ಲೌಸು, ಹೊಲಿಯಲು ಶುರು ಮಾಡಿ 22 ವರ್ಷ ಆಯಿತು. ಹೆಣ್ಣುಮಕ್ಕಳ ಅಳತೆ ತೆಗೆಯುವುದೇ ನನ್ನ ದಿನದ ಕೆಲಸ. ಆದರೂ ನನ್ನ ಮಗಳು ರೊಟ್ಟಿ ಬಿಟ್ಟಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಗೊತ್ತಾಗಿದ್ದೂ ತಾಟಿನಿಂದಲ್ಲ, ಟೇಪಿನಿಂದ. ಕಾಲೇಜಿನ ಫ್ಯಾಷನ್ ಶೋಗೆ ಗೌನ್ ಹೊಲಿಯಬೇಕಿತ್ತು. ಅಳತೆ ತೆಗೆದೆ. ಪಂಚಮಿಗೆ ಹೊಲಿದ ಚೂಡಿಗಿಂತ ಸೊಂಟ ಎರಡು ಇಂಚು ಕಡಿಮೆ ಬಂತು. "ಇನ್ನೂ ಎರಡು ಇಂಚು ಇಳೀಬೇಕವ್ವಾ" ಅಂದಳು. ಮೊಬೈಲಿನಲ್ಲಿ ಸೌಂದರ್ಯ ಸ್ಪರ್ಧೆ ಗೆದ್ದು ಕಿರೀಟ ತೊಟ್ಟ ಹುಡುಗಿಯ ಫೋಟೋ ತೋರಿಸಿದಳು.

ಆಮೇಲಿನ ಆರು ತಿಂಗಳಲ್ಲಿ ನಾನು ಏನು ಮಾಡಿದೆ, ಯಾವುದು ಉಪಯೋಗಕ್ಕೆ ಬಂತು ಅನ್ನುವುದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಬೆಳೆಯುವ ಮಗಳಿದ್ದರೆ ನಿಮಗೂ ಬೇಕಾದೀತು.

ಆ ಸ್ಪರ್ಧೆಯ ಹುಡುಗಿಯರನ್ನು ನೋಡಿ ನಮ್ಮ ಮಕ್ಕಳು ಕಲಿಯುವುದು ಇದೆಯಾ? ಇದೆ. ತಿಂಗಳುಗಟ್ಟಲೆ ತಯಾರಿ ಮಾಡುವುದು, ಸಾವಿರಾರು ಜನರ ಮುಂದೆ ನಿಂತು ಮಾತಾಡುವುದು, ಸೋತರೂ ಗೆದ್ದವಳನ್ನು ತಬ್ಬಿಕೊಳ್ಳುವುದು. ಅವರ ಸೊಂಟದ ಅಳತೆಯನ್ನು ಮಾತ್ರ ಮನೆಗೆ ತರಬಾರದು. ಇವೆರಡನ್ನೂ ಬೇರೆ ಬೇರೆ ಮಾಡಿ ತೋರಿಸುವ ಕೆಲಸ ನಮ್ಮದು.

ಮೊದಲಿಗೆ, ನೋಡಬೇಡ ಅನ್ನಬೇಡಿ. 1996ರಲ್ಲಿ ಮಿಸ್ ವರ್ಲ್ಡ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಾನಾಗ ಹತ್ತನೇ ಕ್ಲಾಸು. ವಿರೋಧ ಎಷ್ಟು ಜೋರಾಗಿತ್ತೆಂದರೆ, ಈಜುಡುಗೆಯ ಸುತ್ತನ್ನು ಸೀಷೆಲ್ಸ್ ದ್ವೀಪಕ್ಕೆ ಒಯ್ದು ನಡೆಸಿದರು. ನಮ್ಮ ಮನೆಯಲ್ಲಿ ಟಿವಿ ಬಂದ್. ನಾವು ಪಕ್ಕದ ಮನೆಗೆ ಹೋಗಿ ನೋಡಿದೆವು. ಮೈಮೇಲೆ ಬಟ್ಟೆ ಎಷ್ಟಿರಬೇಕು ಅಂತ ದೊಡ್ಡವರೆಲ್ಲ ಜಗಳಾಡಿದರು. ಅದನ್ನು ನೋಡಿ ಬಂದ ಹುಡುಗಿಯರು ಕನ್ನಡಿ ಮುಂದೆ ನಿಂತು ಏನು ಅಂದುಕೊಂಡರು ಅಂತ ಒಬ್ಬರೂ ಕೇಳಲಿಲ್ಲ. ಈಗಂತೂ ಮೊಬೈಲು ಕೈಯಲ್ಲೇ ಇದೆ. ಬೇಡ ಅಂದರೆ ಹಾಸಿಗೆಯಲ್ಲಿ ಹೊದ್ದುಕೊಂಡು ನೋಡುತ್ತಾರೆ. ಪಕ್ಕ ಕೂತು ನೋಡುವುದೇ ಒಳ್ಳೆಯದು.

ಕೂತ ಮೇಲೆ ಯಾರ ಮೈ ಬಗ್ಗೆಯೂ ಮಾತಾಡಬೇಡಿ. "ಇವಳು ಕಡ್ಡಿ", "ಅವಳು ಕಪ್ಪು", ಇಂಥದ್ದು ಯಾವುದೂ ಬೇಡ. ನಿಮ್ಮ ಸ್ವಂತ ಹೊಟ್ಟೆಯನ್ನೂ ಬೈದುಕೊಳ್ಳಬೇಡಿ. ನನಗೆ ತುಂಬಾ ಕಷ್ಟ ಆಗಿದ್ದು ಇದೇ. ಅಳತೆ ತೆಗೆಯುವಾಗ ಗಿರಾಕಿಗಳಿಗೆ "ಯಾಕಕ್ಕಾ, ಈ ಸಲ ದಪ್ಪ ಆಗೀರಲ್ಲ" ಅನ್ನುವುದು ನನಗೆ ರೂಢಿಯಾಗಿತ್ತು. ಸಲಿಗೆಯ ಮಾತು ಅಂತಲೇ ತಿಳಿದಿದ್ದೆ. ಮಗಳು ಪಕ್ಕದಲ್ಲೇ ಹುಕ್ಕು ಹಚ್ಚುತ್ತಾ ಹತ್ತು ವರ್ಷ ಅದನ್ನೆಲ್ಲ ಕೇಳಿದ್ದಾಳೆ. ಈಗ ಅಳತೆಯ ಅಂಕಿಯನ್ನು ಜೋರಾಗಿ ಓದುವುದನ್ನೂ ಬಿಟ್ಟಿದ್ದೇನೆ. ಸುಮ್ನೆ ಬರೆದುಕೊಳ್ಳುತ್ತೇನೆ.

ಇನ್ನು ಫೋಟೋದ ವಿಷಯ. ಇದು ನನ್ನ ಕಸುಬಿಗೆ ಸೇರಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಫೋಟೋ ನಿಲ್ಲಿಸಿ, ಇದರಲ್ಲಿ ಮೈ ಎಷ್ಟು, ಹೊಲಿಗೆ ಎಷ್ಟು ಅಂತ ಮಗಳ ಜೊತೆ ಹುಡುಕಿ. ಐದಾರು ಇಂಚಿನ ಹಿಮ್ಮಡಿಯ ಚಪ್ಪಲಿಯನ್ನು ಗೌನು ಮುಚ್ಚಿಕೊಂಡಿರುತ್ತದೆ. ಎದೆಯ ಭಾಗದಲ್ಲಿ ಒಳಗೆ ಕಪ್ ಇಟ್ಟು ಹೊಲಿದಿರುತ್ತಾರೆ. ಸೊಂಟದ ಹತ್ತಿರ ಬಟ್ಟೆ ನೆಟ್ಟಗೆ ನಿಲ್ಲಲು ಒಳಗೆ ಪಟ್ಟಿ ಕೊಟ್ಟಿರುತ್ತಾರೆ. ಜಾರದ ಹಾಗೆ ಚರ್ಮಕ್ಕೇ ಟೇಪ್ ಅಂಟಿಸುತ್ತಾರೆ. ಈಜುಡುಗೆ ಸರಿಯದಿರಲಿ ಅಂತ ಅಂಟಿನ ಸ್ಪ್ರೇ ಹೊಡೆಯುವುದೂ ಉಂಟು.

ಹೇಳಿದರೆ ಮಕ್ಕಳು ನಂಬುವುದಿಲ್ಲ, ಮಾಡಿಯೇ ತೋರಿಸಬೇಕು. ಒಂದು ದೊಗಲೆ ಕುರ್ತಾ ತೊಡಿಸಿ. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ನಾಲ್ಕು ಹಾಕಿ, ಬಿಗಿ ಮಾಡಿ. ಮೊಬೈಲನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿಯಿರಿ. ಒಂದು ಕಾಲು ಸ್ವಲ್ಪ ಮುಂದಿರಲಿ, ಕೈ ಸೊಂಟದಿಂದ ದೂರ ಇರಲಿ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ. ಈಗ ಮುಂದಿನಿಂದ ಒಂದು ಫೋಟೋ, ಹಿಂದಿನಿಂದ ಒಂದು ಫೋಟೋ ತೆಗೆಯಿರಿ. ನನ್ನ ಮಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಕಿರೀಟದ ಹುಡುಗಿಯ ಫೋಟೋ ತೆಗೆದು, "ಇದರ ಹಿಂದುಗಡೆ ಫೋಟೋ ಯಾರೂ ಹಾಕಲ್ಲ, ಅಲ್ವಾ?" ಅಂದಳು.

ಆಮೇಲೆ ಕಥೆ ಹೇಳಿ. 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಇಂಡಿಯಾ ಗೆದ್ದಾಗ ತೊಟ್ಟ ಗೌನನ್ನು ಹೊಲಿದಿದ್ದು ಯಾರು ಗೊತ್ತಾ? ಅವರ ಕಟ್ಟಡದ ಕೆಳಗೆ ಗ್ಯಾರೇಜಿನಲ್ಲಿ ಪೆಟಿಕೋಟ್ ಹೊಲಿಯುತ್ತಿದ್ದ ಟೇಲರ್. ದಿಲ್ಲಿಯ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಕೊಂಡ ಬಟ್ಟೆ. ಉಳಿದ ಚೂರಿನಲ್ಲಿ ಅವರ ತಾಯಿ ಗುಲಾಬಿ ಹೂ ಮಾಡಿದರು. ಹೊಸ ಸಾಕ್ಸ್ ಕತ್ತರಿಸಿ, ಎಲಾಸ್ಟಿಕ್ ಹಾಕಿ ಕೈಗವಸು ಮಾಡಿದರು. ಇದನ್ನೆಲ್ಲ ಸುಷ್ಮಿತಾ ಅವರೇ ಹೇಳಿಕೊಂಡಿದ್ದಾರೆ. 18 ವರ್ಷದ ಹುಡುಗಿ ಅದನ್ನೇ ತೊಟ್ಟು ಗೆದ್ದಳು, ಅದೇ ವರ್ಷ ಮನಿಲಾದಲ್ಲಿ ಮಿಸ್ ಯೂನಿವರ್ಸ್ ಕೂಡ ಆದಳು. ಗೌನಿನ ಬ್ರ್ಯಾಂಡ್ ಏನು ಅಂತ ನಾಚಿಕೊಳ್ಳದೆ ನಡೆದಳಲ್ಲ, ಆ ನಡಿಗೆಯನ್ನು ನಮ್ಮ ಮಕ್ಕಳು ಕಲಿಯಲಿ. 1966ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫರಿಯಾ ಮುಂಬೈಯ ಮೆಡಿಕಲ್ ವಿದ್ಯಾರ್ಥಿನಿ. ಕಿರೀಟದ ವರ್ಷ ಮುಗಿದ ಮೇಲೆ ಮತ್ತೆ ಓದಿಗೆ ಹೋಗಿ ಡಾಕ್ಟರ್ ಆದರು.

ಕಷ್ಟದ ಕಥೆಗಳನ್ನೂ ಬಿಡಬೇಡಿ. 2021ರ ಮಿಸ್ ಯೂನಿವರ್ಸ್ ಹರ್ನಾಜ್ ಸಂಧು ಗೆದ್ದ ಕೆಲವೇ ತಿಂಗಳಲ್ಲಿ ಸ್ವಲ್ಪ ಮೈ ತುಂಬಿಕೊಂಡರು. ಜನ ಎಷ್ಟು ಆಡಿಕೊಂಡರು! ಮೊದಲು ತೆಳ್ಳಗಿದ್ದೀ ಅಂತ ಅಣಕಿಸಿದವರು, ಈಗ ದಪ್ಪ ಅಂತ ಅಣಕಿಸುತ್ತಾರೆ ಅಂತ ಅವರೇ ಹೇಳಿದರು. ಅವರಿಗೆ ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಶ ಆಗುವುದಿಲ್ಲ. ಜೋಳದಲ್ಲಿ ಆ ಗ್ಲುಟೆನ್ ಇಲ್ಲ. ನಮ್ಮ ಮನೆಯ ರೊಟ್ಟಿಯನ್ನು ಅವರು ಧಾರಾಳವಾಗಿ ತಿನ್ನಬಹುದು, ನನ್ನ ಮಗಳು ಅದನ್ನೇ ಬಿಟ್ಟಿದ್ದಳು. ಈ ಮಾತು ಅವಳಿಗೆ ತಟ್ಟಿತು. 2023ರಲ್ಲಿ ನೇಪಾಳದ ಜೇನ್ ದೀಪಿಕಾ ಗ್ಯಾರೆಟ್ ಮೈ ತುಂಬಿದ ಹುಡುಗಿಯಾಗಿಯೇ ಮಿಸ್ ಯೂನಿವರ್ಸ್ ವೇದಿಕೆ ಹತ್ತಿ ಮೊದಲ 20ರೊಳಗೆ ಬಂದರು. ತನಗೆ ಪಿಸಿಒಎಸ್, ಅಂದರೆ ಮುಟ್ಟು ಏರುಪೇರಾಗುವ, ತೂಕ ಏರಬಹುದಾದ ಹಾರ್ಮೋನ್ ತೊಂದರೆ ಇದೆ ಅಂತ ಮುಚ್ಚಿಡದೆ ಹೇಳಿದರು. ಅವರು ನಡೆದ ವಿಡಿಯೋವನ್ನು ತಪ್ಪದೆ ತೋರಿಸಿ. ಆದರೆ ಅಂಥವರು ಇನ್ನೂ ಒಬ್ಬಿಬ್ಬರೇ ಅನ್ನುವುದನ್ನೂ ಹೇಳಿ. ಮಕ್ಕಳಿಗೆ ಸುಳ್ಳು ಸಮಾಧಾನ ಬೇಡ.

ನನ್ನ ಅಳತೆ ಪುಸ್ತಕ ನಿಮ್ಮ ಮನೆಯಲ್ಲಿ ಇರುವುದಿಲ್ಲ, ಆದರೆ ಟೇಪು ಇರುತ್ತದೆ. ಅಜ್ಜಿ, ಚಿಕ್ಕಮ್ಮ, ನೀವು, ಮಗಳು, ಎಲ್ಲರ ಭುಜ, ತೋಳು, ಮುಂಗೈ ಅಳೆಯಿರಿ. ಸೊಂಟ ಬೇಡ. ಎರಡು ಭುಜ ಒಂದೇ ಮಟ್ಟದಲ್ಲಿ ಇರುವವರು ಅಪರೂಪ ಅನ್ನುವುದು ನಿಮಗೇ ಕಾಣುತ್ತದೆ. ನಾನು ಹೆಸರು ಮುಚ್ಚಿ ಮಗಳಿಗೆ ನನ್ನ ಪುಸ್ತಕದ ಹಾಳೆ ತೋರಿಸಿದೆ. ಸೊಂಟ 28 ಇರುವ ಮೂವರು. ಒಬ್ಬರ ಜಂಪರ್ ಇನ್ನೊಬ್ಬರಿಗೆ ಆಗುವುದಿಲ್ಲ. ಎದೆ, ಸೊಂಟ, ನಿತಂಬ ಇಷ್ಟಿಷ್ಟೇ ಇರಬೇಕು ಅಂತ ಜನ ಬಾಯಿಪಾಠ ಮಾಡಿಕೊಂಡಿರುವ ಆ 36-24-36 ಇದೆಯಲ್ಲ, ಇಷ್ಟು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಒಬ್ಬರದೂ ಬಂದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಟಿನ ಮುಂದೆ ಜಗಳ ಮಾಡಬೇಡಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತ ಕಡಿಮೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದರ ಮೇಲೆ ಉಪವಾಸ ಬೇರೆ. ಮುಟ್ಟು ಮೂರು ತಿಂಗಳು ತಪ್ಪಿದರೆ, ತಲೆ ತಿರುಗಿದರೆ, ಕೂದಲು ಜಾಸ್ತಿ ಉದುರಿದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಮಾತಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಗಳು ತಾನೇ ಸ್ಪರ್ಧೆಗೆ ನಿಲ್ಲುತ್ತೇನೆ ಅಂದರೆ? ನಿಲ್ಲಲಿ. ನೀವೂ ಜೊತೆಗೆ ಹೋಗಿ. ಫೀಸು ಎಷ್ಟು, ಯಾತಕ್ಕೆ ಅಂತ ಬರೆಸಿಕೊಳ್ಳಿ. ಫೋಟೋ ಯಾರ ಹತ್ತಿರ ಉಳಿಯುತ್ತದೆ ಅಂತ ಕೇಳಿ. ತೂಕದ ಮಾತು ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ. ನನ್ನ ಮಗಳಿಗೆ ನಡಿಗೆ ಕಲಿಸಲು ಬಂದಿದ್ದವರೊಬ್ಬರು "15 ದಿನದಲ್ಲಿ 5 ಕೆಜಿ ಇಳಿಸು, ಗೌನ್ ಚೆನ್ನಾಗಿ ಕೂರುತ್ತೆ" ಅಂದಿದ್ದರಂತೆ. ರೊಟ್ಟಿ ಬಿಟ್ಟಿದ್ದಕ್ಕೆ ಅದೂ ಒಂದು ಕಾರಣ. ನಾನು ಹೋಗಿ, "ಗೌನ್ ಹೊಲಿಯೋಳು ನಾನು. ಕೂರಿಸೋದು ನನ್ನ ಕೆಲಸ, ಅವಳದಲ್ಲ" ಅಂದೆ. ಜಗಳ ಮಾಡಲಿಲ್ಲ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಶೋ ಮುಗಿಯಿತು. ಅವಳಿಗೆ ಬಹುಮಾನ ಬರಲಿಲ್ಲ, ಆದರೆ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಕೊಟ್ಟಳು, ಚಪ್ಪಾಳೆ ಬಂತು. ಮೊನ್ನೆ ತಮ್ಮನ ಮಗನ ಜವಳಕ್ಕೆ ಅದೇ ಗೌನ್ ತೊಟ್ಟಳು. ಬಿಗಿಯಾಗಿತ್ತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಅರ್ಧರ್ಧ ಇಂಚು ಬಿಟ್ಟೆ, ಅಷ್ಟೇ. ಬೆಳೆಯುವ ಮಗಳಿಗೆ ಬಟ್ಟೆ ಹೊಲಿಸುವಾಗ ನಿಮ್ಮ ಟೇಲರಿಗೂ ಹೇಳಿ, ಪ್ರತಿ ಪಕ್ಕಕ್ಕೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲಿ. ಅದನ್ನು ಕತ್ತರಿಸಿ ಹಾಕುವವರ ಹತ್ತಿರ ಹೊಲಿಸಬೇಡಿ.