ಕಸಿಗಂಟಿನ ಕೆಳಗಿಂದ ಬಂದ ಚಿಗುರು

ತರಕಾರಿ ಬೀಜಗಳನ್ನು ಕಾಪಿಡುವ ಕೆಲಸದಿಂದ ಮಾವಿನ ತಳಿ ಸಂರಕ್ಷಣೆಗೆ ಬಂದವನು ನಾನು. ಟೊಮೇಟೊ, ಬದನೆಯ ಬೀಜಗಳನ್ನು ತೇವಾಂಶ ಶೇ 5ರ ಆಸುಪಾಸಿಗೆ ಇಳಿಯುವಂತೆ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಟ್ಟರೆ ದಶಕಗಳವರೆಗೆ ನಿಶ್ಚಿಂತೆ. ಮಾವಿನ ವಾಟೆಗೆ ಈ ಉಪಾಯ ನಡೆಯುವುದಿಲ್ಲ; ಒಣಗಿಸಿದರೆ ಸಾಯುತ್ತದೆ, ಒದ್ದೆಯಾಗಿಟ್ಟರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಆದ್ದರಿಂದ ತಳಿಯನ್ನು ಮರವಾಗಿಯೇ, ಕಸಿ ಮಾಡಿಯೇ ಉಳಿಸಬೇಕು.

ಮೂರು ನಾಲ್ಕು ತಿಂಗಳು ಬಲಿತ ಕಡ್ಡಿಯನ್ನು ಆರಿಸಿ, ತೊಟ್ಟು ಮಾತ್ರ ಉಳಿಯುವಂತೆ ಎಲೆಗಳನ್ನು ಕತ್ತರಿಸಿ, ಏಳರಿಂದ ಹತ್ತು ದಿನ ಮರದಲ್ಲೇ ಬಿಡುತ್ತೇನೆ. ತೊಟ್ಟು ಬೆರಳು ಸೋಕಿದೊಡನೆ ಉದುರಿ, ತುದಿಮೊಗ್ಗು ಉಬ್ಬಿದ್ದರೆ ಕಡ್ಡಿ ಸಿದ್ಧವಾಗಿದೆ ಎಂದರ್ಥ. ಅದರ ಬುಡವನ್ನು ಬೆಣೆಯಂತೆ ಕೆತ್ತಿ, ಅಷ್ಟೇ ದಪ್ಪದ ಬೇರುಸಸಿಯ, ಅಂದರೆ ಕಸಿಗೆ ಬೇರು ಒದಗಿಸುವ ಇನ್ನೊಂದು ಮಾವಿನ ಸಸಿಯ, ಸೀಳಿನಲ್ಲಿ ಕೂರಿಸಿ, ಎರಡರ ತೊಗಟೆಯೂ ಕನಿಷ್ಠ ಒಂದು ಬದಿಯಲ್ಲಾದರೂ ಕೂಡುವಂತೆ ಪಾಲಿಥೀನ್ ಪಟ್ಟಿ ಸುತ್ತುತ್ತೇನೆ. ಹೀಗೆ ಎರಡೂ ಬೆಸೆಯುವ ಜಾಗವೇ ಕಸಿಗಂಟು.

ನಾನು ಎಡವಿದ್ದು ಇದಾದ ಮೇಲೆ. ಒಂದು ಹಳೆಯ ತಳಿಯ ಎರಡು ಕಸಿಗಿಡಗಳನ್ನಷ್ಟೇ ನೆಟ್ಟಿದ್ದೆ. ಒಂದು ಮೊದಲ ಬೇಸಿಗೆಯಲ್ಲೇ ಒಣಗಿತು, ಇನ್ನೊಂದು ಹುಲುಸಾಗಿ ಬೆಳೆಯಿತು. ಕಾಯಿಬಿಡಲು ತೊಡಗಿದಾಗ ಅದನ್ನೇ ತಾಯಿಗಿಡವಾಗಿ ಸಂಕರಣಕ್ಕೆ, ಅಂದರೆ ಬೇರೆ ತಳಿಯ ಪರಾಗ ಸೋಕಿಸಿ ಮಿಶ್ರ ಸಸಿ ಪಡೆಯಲು, ಬಳಸಿದೆ. ಮಾವಿನ ಸಂಕರಣ ತಾಳ್ಮೆ ಬೇಡುವ ಕೆಲಸ: ಗೊಂಚಲಿನಲ್ಲಿ ಗಂಡು ಹೂಗಳೇ ಹೆಚ್ಚು, ದ್ವಿಲಿಂಗಿ ಹೂವನ್ನು ಹುಡುಕಿ ಅದರ ಒಂದೆರಡು ಫಲವಂತ ಕೇಸರಗಳನ್ನು ಅವು ಬಿರಿಯುವ ಮುನ್ನವೇ ಚಿಮುಟದಿಂದ ತೆಗೆಯಬೇಕು, ಇಷ್ಟಾದರೂ ಕೈಗೆ ಹತ್ತುವ ಕಾಯಿಗಳು ಬೆರಳೆಣಿಕೆಯಷ್ಟೇ. ಹಣ್ಣಿನಲ್ಲಿ ನಾರು ಕಂಡಾಗ, ಗಿಡ ಇನ್ನೂ ಎಳೆಯದೆಂದು ಸಮಾಧಾನ ಮಾಡಿಕೊಂಡೆ. ವಾಟೆ ಬಿತ್ತಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ನನ್ನ ತಳಿ ಏಕಭ್ರೂಣದ್ದು, ಒಂದು ವಾಟೆಗೆ ಒಂದೇ ಸಸಿ. ಇಲ್ಲಿ ಒಂದೊಂದು ವಾಟೆಯಿಂದ ಮೂರು ನಾಲ್ಕು ಸಸಿ ಎದ್ದಿದ್ದವು. ಅದು ನನ್ನ ಬೇರುಸಸಿಯ ಗುಣ. ಹಾಗೆ ಏಳುವ ಸಸಿಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟುವುದರಿಂದ, ಸಂಕರ ಸಸಿ ಇದ್ದರೂ ನೋಡಿ ಗುರುತಿಸುವಂತಿರಲಿಲ್ಲ. ಗಿಡದ ಬುಡ ಕೆದಕಿದಾಗ, ಕಸಿಗಂಟಿನ ಮೇಲಿನ ಕಡ್ಡಿ ಸತ್ತ ಮೊಂಡಾಗಿ ತೊಗಟೆಯೊಳಗೆ ಹೂತಿತ್ತು. ಮರವಾಗಿ ನಿಂತದ್ದು ಅದರ ಕೆಳಗಿನ ಚಿಗುರು. ಕಡ್ಡಿ ತಂದಿದ್ದ ಮೂಲ ಮರ ಅಷ್ಟರಲ್ಲಿ ಗಾಳಿಗೆ ಉರುಳಿತ್ತು.

ಈಗ ಪ್ರತಿ ತಳಿಗೂ ನಾಲ್ಕು ಗಿಡ, ಎರಡು ಬೇರೆ ಬೇರೆ ಜಾಗಗಳಲ್ಲಿ. ಕಸಿಗಂಟಿಗೆ ಬಿಳಿ ಬಣ್ಣ ಬಳಿದು, ಅದರ ಕೆಳಗಿನ ಚಿಗುರನ್ನು ಎರಡು ವಾರಕ್ಕೊಮ್ಮೆ ಚಿವುಟುತ್ತೇನೆ. ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆಯ ಜೊತೆಗೆ ತೋಟದ ನಕ್ಷೆಯೂ ಇದೆ, ಏಕೆಂದರೆ ಬಿಲ್ಲೆ ಕಳಚಿ ಬೀಳುತ್ತದೆ. ಆ ತಳಿಯ ಸಂಖ್ಯೆಯನ್ನು ಮಾತ್ರ ಬೇರೆ ಯಾವುದಕ್ಕೂ ಕೊಟ್ಟಿಲ್ಲ. ದಾಖಲೆಯಲ್ಲಿ ಅದರ ಮುಂದೆ ‘ಕಳೆದುಹೋಗಿದೆ’ ಎಂದು ಬರೆದಿದ್ದೇನೆ.