ಮಂಗಳವಾರ ಮತ್ತು ಶನಿವಾರದ ಓದು

ಕೆಲಸದ ಮೇಲೆ ಮೈಸೂರಿನಿಂದ ಗದಗಕ್ಕೆ ಬಂದ ಮೊದಲ ವರ್ಷ ನನಗೆ ಗೊತ್ತಿದ್ದದ್ದು ಆಫೀಸು, ಬಾಡಿಗೆ ಮನೆ, ಖಾನಾವಳಿ ಇಷ್ಟೇ. ಸಂಜೆ ಬಾಗಿಲು ಹಾಕಿಕೊಂಡರೆ ಮಾತಾಡಲು ಯಾರೂ ಇರುತ್ತಿರಲಿಲ್ಲ.

ಒಂದು ರಾತ್ರಿ ಖಾನಾವಳಿಯಲ್ಲಿ ಪಕ್ಕ ಕೂತಿದ್ದ ಹುಡುಗ, "ಸರ್, ಇದೊಂದು ಪುಟ ಓದಿ ಹೇಳ್ತೀರೇನ್ರಿ?" ಅಂದ. ಅವನಿಗೆ ಕಣ್ಣು ಕಾಣುವುದಿಲ್ಲ. ಬಿ.ಎ. ಓದುತ್ತಿದ್ದ. ತಮಗೇ ಕಣ್ಣಿಲ್ಲದಿದ್ದರೂ ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬಾಳಿದ ಊರಿದು. ಕಣ್ಣು ಕಾಣದ ಮಕ್ಕಳು ಕಲಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ನನಗೆ ಹೊಸದಾಗಿತ್ತು.

ಮೊಬೈಲೇ ಓದಿ ಹೇಳುತ್ತದಲ್ವಾ ಅಂತ ಕೇಳಿದೆ. ಈಗಿನ ಫೋನ್‌ಗಳು ಗುರುತಿಸುವ ಯೂನಿಕೋಡ್ ಅಕ್ಷರದಲ್ಲಿದ್ದರೆ ಓದುತ್ತದೆ ಅಂದ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಆದರೆ ಅದಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ. ಕೈಬರಹದ ನೋಟ್ಸ್, ಮಸುಕು ಜೆರಾಕ್ಸ್ ಅಂತೂ ದೂರದ ಮಾತು. ಅಲ್ಲೇ ಮನುಷ್ಯರ ದನಿ ಬೇಕಾಗುವುದು.

ಮೊದಲ ಪಾಠವನ್ನು ರೇಡಿಯೋ ನಾಟಕದ ಹಾಗೆ ಭಾವ ತುಂಬಿ ಓದಿ, ರೆಕಾರ್ಡ್ ಮಾಡಿ ಕಳಿಸಿದೆ. "ಅಷ್ಟು ನಿಧಾನ ಬ್ಯಾಡ್ರಿ ಸರ್, ನಾವು ಸ್ಪೀಡ್ ಜಾಸ್ತಿ ಮಾಡ್ಕೊಂಡ ಕೇಳ್ತೀವಿ. ಪುಟದ ನಂಬರ್ ಮಾತ್ರ ಬಿಡಬ್ಯಾಡ್ರಿ" ಅಂದ. ಅವತ್ತಿನಿಂದ ಒಂದೇ ಹದದಲ್ಲಿ ಓದುತ್ತೇನೆ. ಪುಟ ಬದಲಾದಾಗ ನಂಬರ್ ಹೇಳುತ್ತೇನೆ. ಕಷ್ಟದ ಹೆಸರು ಬಂದರೆ ಅಕ್ಷರ ಬಿಡಿಸುತ್ತೇನೆ. ಕೋಷ್ಟಕವನ್ನು ಸಾಲು ಸಾಲಾಗಿ, ಪ್ರತಿ ಅಂಕಿಯ ಮುಂದೆ ಅದರ ತಲೆಬರಹ ಸೇರಿಸಿ ಓದುತ್ತೇನೆ. ಸುಮ್ನೆ ಅಂಕಿ ಓದುತ್ತಾ ಹೋದರೆ ಕೇಳುವವನಿಗೆ ಏನೂ ಉಳಿಯುವುದಿಲ್ಲ. ಒಂದು ಫೈಲು ಹದಿನೈದು ನಿಮಿಷ ದಾಟಬಾರದು, ಬೇಕಾದ ಜಾಗ ಹುಡುಕುವುದು ಕಷ್ಟವಾಗುತ್ತದೆ.

ಓದಿಸಿಕೊಳ್ಳುವವರು ಒಬ್ಬರಿಂದ ಐದು ಜನ ಆದರು. ಯಾರಿಗೂ ಇಲ್ಲ ಅನ್ನಲಿಲ್ಲ. ರಾತ್ರಿ ಒಂದರವರೆಗೆ ಓದಿದೆ. ಊರಿಗೆ ಫೋನ್ ಮಾಡುವುದು ನಿಂತಿತು, ಅವ್ವ ಬೇಜಾರು ಮಾಡಿಕೊಂಡರು. ಕೊನೆಗೆ ಗಂಟಲು ಕಟ್ಟಿತು. ಒಬ್ಬ ಹುಡುಗಿಗೆ ಎರಡು ಅಧ್ಯಾಯ ಪರೀಕ್ಷೆಯ ಹಿಂದಿನ ರಾತ್ರಿ ಸಿಕ್ಕವು. ಅವಳು ಒಂದು ಮಾತೂ ಆಡಲಿಲ್ಲ. ನನಗೆ ಅವತ್ತು ಊಟ ಇಳಿಯಲಿಲ್ಲ.

ಮಾರನೇ ವಾರ ಐವರನ್ನೂ ಕೂರಿಸಿಕೊಂಡು ಹೇಳಿದೆ: ಮಂಗಳವಾರ, ಶನಿವಾರ, ಎರಡೆರಡು ತಾಸು. ಅದಕ್ಕಿಂತ ಜಾಸ್ತಿ ನನ್ನಿಂದ ಆಗುವುದಿಲ್ಲ. ಅವರು ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಮೊದಲ ಹೇಳಬೇಕಿತ್ರಿ ಸರ್" ಅಂದರು, ಯಾವ ಪಾಠ ಮೊದಲು ಬೇಕು ಅಂತ ತಾವೇ ಸರದಿ ಹಾಕಿಕೊಂಡರು. ಉಳಿದದ್ದಕ್ಕೆ ಓಣಿಯ ನಿವೃತ್ತ ಅಕ್ಕೋರನ್ನು (ಶಾಲೆಯ ಟೀಚರ್) ಕೇಳಿದೆ. ನನಗಿಂತ ಚೆನ್ನಾಗಿ ಓದುತ್ತಾರೆ. ಅವರ ಮನೆಗೆ ಹೋಗಿ ಬಂದು ಮಾಡುತ್ತಾ ಓಣಿಯವರೆಲ್ಲ ಪರಿಚಯವಾದರು.

ಎಳ್ಳಮಾವಾಸ್ಯೆಗೆ ಆ ಖಾನಾವಳಿ ಹುಡುಗ ತನ್ನ ಊರಿಗೆ ಕರೆದೊಯ್ದ. ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಉಂಡೆವು. ಆಮೇಲೆ ಅವನು ನನ್ನ ಕೈ ಹಿಡಿದು ಕಡಲೆ ಗಿಡದ ಮೇಲೆ ಆಡಿಸಿ, ಬೆರಳು ನೆಕ್ಕಿ ನೋಡಿ ಅಂದ. ಹುಳಿ ಇತ್ತು. ಎಲೆಯ ಮೇಲೆ ಹುಳಿ ಇರುತ್ತದೆ ಅಂತ ಆವರೆಗೆ ನನಗೆ ಗೊತ್ತಿರಲಿಲ್ಲ. "ಇವರ‍್ಯಾರೋ ತಮ್ಮಾ?" ಅಂತ ಪಕ್ಕದ ಹೊಲದ ಅಜ್ಜ ಕೇಳಿದರು.

"ನಮ್ಮ ಸರ್ ರೀ, ಗದಗದವರು" ಅಂದ.